ಕೊನೆಯ ಫಾರಂ ಇಲ್ಲದ ಪುಸ್ತಕ

ಪ್ರೀತಿಯ ಮರಿಗೆ,

ದೊಡ್ಡಮ್ಮನ ಆಶೀರ್ವಾದ. ನಿನ್ನ ಅಮ್ಮನ ಮೊಣಕಾಲು ಈಗಲಾದರೂ ಮೆಟ್ಟಿಲ ಜೊತೆ ರಾಜಿಯಾಗಿದೆಯೇ? ನನ್ನ ತಂಗಿ ಮುಲಾಮು ಹಚ್ಚಿಕೊಳ್ಳುವುದಕ್ಕಿಂತ ಅದರ ವಾಸನೆಯನ್ನು ಬೈಯುವುದೇ ಹೆಚ್ಚು, ನೀನೇ ನಿಂತು ಹಚ್ಚಿಸು. ನಿನ್ನಪ್ಪ, ನಮ್ಮ ಸರದಾರರ ಕೆಮ್ಮು ಹೇಗಿದೆ? ಟೀಚರಮ್ಮನ ಗಂಟಲು? ದಿನವಿಡೀ ಮಕ್ಕಳ ಮುಂದೆ ಕೂಗಿ ಬಂದ ಹೆಂಡತಿಯನ್ನು ಮನೆಯಲ್ಲೂ ಕೂಗಿಸಬೇಡ. ನಿನ್ನ ಮಗಳು, ನಮ್ಮ ಗುಬ್ಬಿಯ ಮುಂದಿನ ಹಲ್ಲು ಬಿತ್ತೋ, ಇನ್ನೂ ಅಲ್ಲಾಡುತ್ತಿದೆಯೋ? ಚಳಿಗಾಲದಲ್ಲಿ ಬಂದಾಗ, “ದೊಡ್ಡಜ್ಜಿ, ನೀನೇ ಕೀಳು, ಅಮ್ಮ ಕಿತ್ತರೆ ನೋಯುತ್ತೆ” ಅಂದಿದ್ದಳು. ಇನ್ನೂ ಗಟ್ಟಿಯಿದೆ, ಮುಂದಿನ ಸಲ ಕೀಳೋಣ ಅಂದಿದ್ದೆ. ಆ ಮುಂದಿನ ಸಲ ಅವಳು ಗಾಡಿಯಿಂದ ಇಳಿಯಲೇ ಇಲ್ಲ.

ಅದಕ್ಕೇ ಈ ಕಾಗದ.

ನೀನು ಕೊಟ್ಟುಹೋದ ಕಾದಂಬರಿ ಓದಿದೆ. ಒಳಗಿಟ್ಟಿದ್ದ ಚೀಟಿಯೂ ಸಿಕ್ಕಿತು. “ಬಿಡುಗಡೆ ದಿನ ನೀನು ವೇದಿಕೆ ಮೇಲೆ ಕೂರಲೇಬೇಕು ದೊಡ್ಡಮ್ಮ, ನಿನ್ನನ್ನು ನೋಡಿದರೆ ಜನಕ್ಕೆ ಪುಸ್ತಕ ಅರ್ಥವಾಗುತ್ತೆ” ಅಂತ ಬರೆದಿದ್ದೀಯ. ಓದಿ ನಗು ಬಂತು. ನಿನ್ನ ಮದುವೆಯ ದಿನ ಫೋಟೋದವನು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದಾಗ ನೀನು ನನ್ನ ಕಿವಿಯ ಹತ್ತಿರ ಬಂದು, “ದೊಡ್ಡಮ್ಮ, ಆ ಕೋಟುಗಳನ್ನ ಸ್ವಲ್ಪ ನೋಡ್ಕೊಂಡಿರ್ತೀಯಾ?” ಅಂದೆ. ನೋಡಿಕೊಂಡೆ. ಒಂದು ಕೋಟೂ ಕಳೆಯಲಿಲ್ಲ. ಅವತ್ತು ಕೋಟು ಕಾಯಲು ಲಾಯಕ್ಕಾಗಿದ್ದ ಮುಖ ಇವತ್ತು ವೇದಿಕೆ ಏರುವಷ್ಟು ಬೆಳೆದಿದೆ ಅಂದರೆ, ಅದು ನನ್ನ ಪುಣ್ಯವೋ ನಿನ್ನ ಲೇಖನಿಯ ಪವಾಡವೋ ಗೊತ್ತಿಲ್ಲ.

ಹಾಳು ಬಿದ್ದ ಗಿರಣಿಯ ನೆಲಮಾಳಿಗೆಯಲ್ಲಿ ಇರುವ ನಿನ್ನ ಅರೆಮುಖದ ಹೆಂಗಸನ್ನು ಮೊದಲ ಸಾಲಿನಲ್ಲೇ ಗುರುತು ಹಿಡಿದೆ. ಬಲಗಡೆಯ ದವಡೆ ಇಲ್ಲದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರು. ಆದರೆ ಭುಜಕ್ಕೆ ಕರವಸ್ತ್ರ ಪಿನ್ನು ಹಾಕಿಕೊಂಡು, ಟೀ ಗುಟುಕರಿಸಿದಾಗಲೆಲ್ಲ ತಲೆ ಬಾಗಿಸಿ ಅದಕ್ಕೆ ತುಟಿ ಒರೆಸಿಕೊಳ್ಳುವುದು? ಬಾಗಿಲು ಸದ್ದಾದರೆ ಸಾಕು, ಚೆನ್ನಾಗಿರುವ ಕೆನ್ನೆಯನ್ನು ಆ ಕಡೆ ತಿರುಗಿಸುವುದು? ಅದನ್ನೆಲ್ಲ ನೋಡಿದವನು ನೀನೊಬ್ಬನೇ. ನಿನ್ನ ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಆ ವರ್ಷಗಳಲ್ಲಿ ನನ್ನ ಒಂದೇ ಕೋಣೆಯ ಮನೆಯಲ್ಲಿ ನನ್ನ ಮುಖ ಮುಚ್ಚುವ ಶಾಲು ತೆಗೆಸುತ್ತಿದ್ದವನೂ ನೀನೇ. “ಸೆಖೆ ಆಗಲ್ವಾ ನಿಂಗೆ? ತೆಗಿ, ನಾನೇ ಅಲ್ವಾ ಇರೋದು” ಅನ್ನುತ್ತಿದ್ದೆ. ನೀನೇ ಅಲ್ಲವಾ ಅಂತ ತೆಗೆದಿದ್ದೆ ಮಗನೇ.

ಹೋಗಲಿ, ನನ್ನ ಮುಖವನ್ನು ನೀನು ತೆಗೆದುಕೊಂಡೆ. ನನಗೂ ಅದರಿಂದ ಅಷ್ಟೇನೂ ಉಪಯೋಗ ಆಗಿರಲಿಲ್ಲ. ಆದರೆ ಆ ಹೆಂಗಸಿನ ಮೇಲೆ ಒಂದು ಪಾಪ ಯಾಕೆ ಹೊರಿಸಿದೆ? ತನ್ನ ಕೂಸನ್ನೇ ಕೊಂದಳು, ಆ ರಾತ್ರಿಯೇ ಮುಖ ಕೊಳೆಯಲು ಶುರುವಾಯಿತು ಅಂತ. ಇಂಥ ಕಥೆಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಎಲ್ಲದರಲ್ಲೂ ಇದೇ ಪಂಚಾಯಿತಿ. ಒಬ್ಬನ ಬೆನ್ನು ಡೊಂಕಾಗಿದ್ದರೆ ಒಳಗೆ ಮನಸ್ಸೂ ಡೊಂಕಿರಬೇಕು. ಇಲ್ಲವೇ ಆ ಡೊಂಕಿನೊಳಗೆ ದೇವರಂಥ ಮನಸ್ಸಿಟ್ಟು ಓದುವವರಿಂದ ಕಣ್ಣೀರು ಹಾಕಿಸಬೇಕು. ಡೊಂಕು ಬೆನ್ನಿನವನು ಬರೀ ಸಿಡುಕನಾಗಿ, ಶೀತ ಹಿಡಿದು, ಅಕ್ಕಪಕ್ಕದವರ ಜೊತೆ ನೀರಿಗೆ ಜಗಳ ಆಡಿಕೊಂಡು ಇರಬಾರದು. ನನ್ನ ಮುಖಕ್ಕೆ ಏನು ಕಾರಣ ಅಂತ ನಿನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಹಲ್ಲಿನ ಬುಡದಲ್ಲಿ ಒಂದು ಬಾವು, ಊಟಕ್ಕೆ ಹೊತ್ತಾಯಿತೆಂದು ಅವಸರದಲ್ಲಿದ್ದ ಒಬ್ಬ ಡಾಕ್ಟರು. ಅಷ್ಟೇ ಕಥೆ. ಅದು ನಿನಗೆ ಸಾಲಲಿಲ್ಲ.

ನಾನು ಕೆಲಸಕ್ಕಿದ್ದ ಬೈಂಡಿಂಗ್ ಮನೆ ನೆನಪಿದೆಯೇ ನಿನಗೆ? ಕುದಿಯುವ ಅಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು ನನ್ನ ಮೇಜಿನ ಕೆಳಗೆ ಕೂರುತ್ತಿದ್ದೆ. ಪುಸ್ತಕ ಅಚ್ಚಾಗಿ ನಮ್ಮ ಹತ್ತಿರ ಬರುವಾಗ ಪುಸ್ತಕವಾಗಿರುವುದಿಲ್ಲ, ದೊಡ್ಡ ದೊಡ್ಡ ಹಾಳೆಗಳಾಗಿರುತ್ತದೆ. ಒಂದೊಂದು ಹಾಳೆಯಲ್ಲೂ ಹದಿನಾರು ಪುಟ, ಅದಕ್ಕೆ ನಾವು ಫಾರಂ ಅನ್ನುವುದು. ಮಡಿಸಿ, ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ನನಗೆ ಬರುತ್ತಿದ್ದುದು ನಡುವಿನ ಫಾರಂಗಳು. ಕೊನೆಯ ಫಾರಂ ಯಾವಾಗಲೂ ಕಿಟಕಿ ಪಕ್ಕದ ಮೇಜಿನ ಹಿರಿಯಕ್ಕನ ಪಾಲು. ಅದರಲ್ಲಿ ಖಾಲಿ ಪುಟ ಹೆಚ್ಚು, ಮಡಿಕೆ ತಪ್ಪಬಾರದು ಅಂತ. ನನ್ನ ಓದೆಲ್ಲ ಮಡಿಸುತ್ತಾ ಮಡಿಸುತ್ತಾ ಕದ್ದು ಓದಿದ್ದು. ಹಾಗಾಗಿ ನಾನು ಓದಿದ ಒಂದು ಕಥೆಗೂ ಕೊನೆ ಇರಲಿಲ್ಲ. ಕೋಟೆಯ ಕೆಳಗಿನ ಕುರೂಪಿ, ಮೇಣದ ಮುಖ ಹಾಕಿಕೊಂಡು ಗಡಿಯಾರ ಕಾಯುವವನು, ಬಾವಿಯೊಳಗೆ ಬೆಳೆದ, ಮೈತುಂಬ ಕೂದಲಿನ ಹುಡುಗಿ, ಎಲ್ಲರೂ ನನ್ನ ಮೇಜಿನ ಮೇಲೆ ಬದುಕಿಯೇ ಇದ್ದರು. ಸಂಜೆ ನಿನಗೆ ಹೇಳುವಾಗ ಕೊನೆಯನ್ನು ನಾನೇ ಹೊಲಿಯುತ್ತಿದ್ದೆ. ಯಾರೋ ಬಾಗಿಲು ತೆಗೆಯುತ್ತಿದ್ದರು, ಆ ಕುರೂಪಿಗೆ ಬಿಸಿ ಗಂಜಿ ಕೊಡುತ್ತಿದ್ದರು, ಅವನು “ಸ್ವಲ್ಪ ಉಪ್ಪು ಕಮ್ಮಿ” ಅನ್ನುತ್ತಿದ್ದ. ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಕಾಲೇಜಿಗೆ ಹೋದ ಮೇಲೆ ಅವೇ ಪುಸ್ತಕಗಳನ್ನು ಪೂರ್ತಿ ಓದಿ ಬಂದು, “ದೊಡ್ಡಮ್ಮ, ನೀನು ಹೇಳಿದ್ದೆಲ್ಲ ಸುಳ್ಳು! ಕೊನೆಗೆ ಎಲ್ಲಾರ್ನೂ ಸಾಯಿಸ್ತಾರೆ!” ಅಂದೆ. ಒಬ್ಬನಿಗೆ ಪ್ರಪಾತ, ಒಬ್ಬನಿಗೆ ಬಾವಿಯ ತಳ, ಒಬ್ಬಳಿಗೆ ಊರವರ ಕಲ್ಲು. ಆಮೇಲೆ ಚಂದದ ಮುಖದವರು ಕೈ ಕೈ ಹಿಡಿದು ನಿಟ್ಟುಸಿರು ಬಿಡುತ್ತಾರಂತೆ. ನನಗೆ ಅನ್ನ ರುಚಿಸಲಿಲ್ಲ ಅವತ್ತು. ಆದರೂ ನೀನು ಬರೆಯಲು ಕೂತಾಗ ನನ್ನೊಳಗೊಂದು ಹುಚ್ಚು ಆಸೆ ಇತ್ತು. ಗಂಜಿ ಕುಡಿದು ಬೆಳೆದ ಹುಡುಗ, ಗಂಜಿಯನ್ನೇ ಬರೆದಾನು ಅಂತ. ನೀನು ಅವಳನ್ನು ಊರವರ ಕೈಯಲ್ಲಿ ಉರಿಯುವ ಸುಣ್ಣದ ಗೂಡಿಗೆ ತಳ್ಳಿಸಿದೆ. ಓದಿದವರೆಲ್ಲ ಆ ಅಧ್ಯಾಯವೇ ಶ್ರೇಷ್ಠ ಅನ್ನುತ್ತಾರಂತೆ. ಇರಬಹುದು. ಸುಡುವುದರಲ್ಲಿ ನಿನ್ನ ಕೈ ಚೆನ್ನಾಗಿ ಪಳಗಿದೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆ, ಅರ್ಧ ದವಡೆಯಲ್ಲಿ ನುಂಗಿ ಅಭ್ಯಾಸವಿದೆ. ಆದರೆ ನೀನು ಗೆಳೆಯರನ್ನು ಕೂರಿಸಿಕೊಂಡು ಆ ಅಧ್ಯಾಯ ಗಟ್ಟಿಯಾಗಿ ಓದುವಾಗ ಗುಬ್ಬಿ ಮೆಟ್ಟಿಲ ಮೇಲೆ ಕೂತು ಕೇಳಿದಳಂತೆ. ಹುಟ್ಟಿದ ವರ್ಷದಿಂದ ಆ ಮಗು ನನ್ನ ಕೆನ್ನೆಯ ಗುಂಡಿಯಲ್ಲಿ ಬೆರಳಿಟ್ಟು ನಿದ್ದೆ ಮಾಡಿದೆ. ಆ ಗುಂಡಿಗೆ “ನನ್ನ ಗೂಡು” ಅಂತ ಹೆಸರಿಟ್ಟವಳು ಅವಳೇ, ಗುಬ್ಬಿಯಲ್ಲವೇ. ಮೊನ್ನೆ ಪುಸ್ತಕ ಕೊಡಲು ನೀವು ಬಂದಾಗ ನಾನು ಗಾಡಿಯ ಹತ್ತಿರ ಓಡಿ ಬಂದೆ. ಅವಳು ಅಮ್ಮನ ತೋಳಿಗೆ ಮುಖ ಒತ್ತಿಕೊಂಡು, “ಇವಳನ್ನ ಸುಟ್ಟುಬಿಟ್ರಲ್ಲಮ್ಮಾ, ಮತ್ತೆ ಹೇಗೆ ಬಂದ್ಳು?” ಅಂದಳು. ಟೀಚರಮ್ಮನಿಗೆ ಕಣ್ಣು ತುಂಬಿತು. ನೀನು ನಕ್ಕು, “ನೋಡಿದ್ಯಾ ದೊಡ್ಡಮ್ಮ, ಪುಸ್ತಕ ಎಷ್ಟು ಕೆಲಸ ಮಾಡಿದೆ!” ಅಂದೆ.

ಮಾಡಿದೆ ಮಗನೇ.

ವೇದಿಕೆಗೆ ನಾನು ಬರುವುದಿಲ್ಲ. ಜನಕ್ಕೆ ಪುಸ್ತಕ ಅರ್ಥವಾಗದಿದ್ದರೆ ಇನ್ನೊಂದು ಸಲ ಓದಿಕೊಳ್ಳಲಿ. ನೀನು ಕೊಟ್ಟ ಪ್ರತಿಯನ್ನು ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ, ಸಿಟ್ಟಿಗಲ್ಲ. ರಟ್ಟು ಬಿಚ್ಚಿ, ದಾರ ಕತ್ತರಿಸಿ, ಕೊನೆಯ ಫಾರಂ ತೆಗೆದು ಮತ್ತೆ ಹೊಲಿದಿದ್ದೇನೆ. ತೆಗೆದದ್ದನ್ನು ಅಂಟಿನ ಡಬ್ಬಿಯ ಅಡಿಗೆ ಹಾಸಿದ್ದೇನೆ, ಕಾಗದ ಚೆನ್ನಾಗಿ ಹೀರುತ್ತದೆ. ಈಗ ನಿನ್ನ ಪುಸ್ತಕ “ಗೂಡಿನ ಬಾಯಿಯ ಹತ್ತಿರ ಅವಳು ತಿರುಗಿ ನಿಂತು” ಅನ್ನುವಲ್ಲಿಗೆ ನಿಲ್ಲುತ್ತದೆ. ಆಮೇಲೆ ಖಾಲಿ ಹಾಳೆ ಹಾಕಿದ್ದೇನೆ.

ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲಿಯತನಕ ಓದು. ಮುಂದಿನದನ್ನು ನೀನು ಹೇಳಬೇಡ, ಅವಳನ್ನೇ ಕೇಳು. ತಿರುಗಿ ನಿಂತವಳನ್ನು ಮಕ್ಕಳು ಏನು ಮಾಡುತ್ತಾರೋ ನನಗೆ ತಿಳಿಯಬೇಕು. ಅವಳೂ ಗೂಡಿಗೇ ತಳ್ಳಿದರೆ ನಾನು ಇನ್ನು ಕೇಳುವುದಿಲ್ಲ, ಬಾಗಿಲು ಸದ್ದಾದಾಗ ಶಾಲು ಹೊದ್ದುಕೊಳ್ಳುತ್ತೇನೆ.

ನಿನ್ನ ಪುಸ್ತಕ ನಾಲ್ಕು ಜನರ ಕೈ ಸೇರಲಿ, ನಿನಗೆ ಒಳ್ಳೆಯದಾಗಲಿ. ಹರಸಿದ ಬಾಯಿ ಸೊಟ್ಟ, ಹರಕೆ ಸೊಟ್ಟಲ್ಲ. ರಜೆ ಹತ್ತಿರ ಬಂತು. ಅವಳು ಬರುತ್ತಾಳೋ ಇಲ್ಲವೋ, ಆ ಹಲ್ಲು ಬೀಳುವ ಮೊದಲು ಒಂದು ಸಾಲು ಬರೆ.

ಇಂತಿ,
ಕೋಟು ಕಾಯ್ದ ನಿನ್ನ ದೊಡ್ಡಮ್ಮ