ಮುಚ್ಚಳಿಕೆಯಲ್ಲಿಲ್ಲದ ಮಾತು

6 ಜುಲೈ 2025, ಭಾನುವಾರ

ಬೆಳಿಗ್ಗೆ ಡೇರಿಗೆ ಹಾಲು ಹಾಕಿದೆ. ಮಿಷನ್ನು ಫ್ಯಾಟ್ ಮೂರೂವರೆ ಎಂದಿತು. ನಿನ್ನೆ ನಾಲ್ಕು ಎಂದಿತ್ತು. ಅದೇ ಹಸು, ಅದೇ ಹುಲ್ಲು, ಕರೆದವನೂ ನಾನೇ. ಕೇಳಿದರೆ ಸೆಕ್ರೆಟರಿ, "ಮಿಷನ್ ಸುಳ್ ಏಳಲ್ಲ ಗೌಡ್ರೇ" ಎನ್ನುತ್ತಾನೆ. ಹಾಗಾದರೆ ಹಸು ಹೇಳುತ್ತದಾ?

ಡೇರಿ ಎಲೆಕ್ಷನ್ನು ಇದೇ ಇಪ್ಪತ್ತಕ್ಕೆ. ಹಾಲಿಗೂ ಪಾರ್ಟಿ ಬಂತು. ಈ ಕಡೆ ನಮ್ಮಣ್ಣನ ಮಗ ಶಿವಕುಮಾರ. ಆ ಕಡೆ ಹರ್ಷವರ್ಧನ, ಮನೆಮನೆಗೂ ಸ್ಟೀಲ್ ಕ್ಯಾನು ಹಂಚುತ್ತಿದ್ದಾನೆ.

ರಾಗಿ ಬಿತ್ತನೆ ಇವತ್ತಿಗೆ ಮುಗಿಯಿತು. ರುದ್ರಯ್ಯನ ಹೊಲ ಮೊದಲು, ಆಮೇಲೆ ನನ್ನದು. ಅವನದೊಂದು ಎತ್ತು, ನನ್ನದೊಂದು ಎತ್ತು. ಸೇರಿಸಿ ಜೋಡಿ. ನನ್ನದು ನೊಗದ ಎಡಕ್ಕೆ ಪಳಗಿದ್ದು, ಅವನದು ಬಲಕ್ಕೆ. ನಲವತ್ತು ವರ್ಷದಲ್ಲಿ ಎತ್ತು ಬದಲಾದವು, ಜೋಡಿ ಬದಲಾಗಲಿಲ್ಲ. ಸೋಮವಾರ ಮಾತ್ರ ಹೂಡುವುದಿಲ್ಲ. ಬಸವನ ದಿನ, ರುದ್ರಯ್ಯ ಒಪ್ಪುವುದಿಲ್ಲ. ಹೊಲ ಹದಕ್ಕೆ ಬಂದು ಕೂತಿದ್ದರೂ ಒಪ್ಪುವುದಿಲ್ಲ. ಹಟಮಾರಿ.

14 ಜುಲೈ, ಸೋಮವಾರ

ಹರ್ಷವರ್ಧನನ ನಾಮಿನೇಷನ್ನಿಗೆ ಸೂಚಕ ಅಂತ ಸಹಿ ಹಾಕಿದವನು ಯಾರು? ರುದ್ರಯ್ಯ! ನನಗೆ ಒಂದು ಮಾತು ಹೇಳಲಿಲ್ಲ. ಡೇರಿ ಬೋರ್ಡಿನ ಮೇಲೆ ಅಂಟಿಸಿದ ಮೇಲೆ ಗೊತ್ತಾಗಿದ್ದು.

ತಲೆ ಕೆಟ್ಟಿತು. ಊರಿನ ವಾಟ್ಸಾಪ್ ಗ್ರೂಪಿಗೆ ಮಾತಾಡಿ ಕಳಿಸಿದೆ. ಬರೆಯುವ ತಾಪತ್ರಯವಿಲ್ಲ, ಒತ್ತಿ ಹಿಡಿದು ಬೈದರೆ ಮುಗಿಯಿತು. ಅದೊಂದು ಒಳ್ಳೆಯ ಅನುಕೂಲ ಮಾಡಿದ್ದಾರೆ.

"ಆ ರುದ್ರಯ್ಯನ ಕುತ್ಗೆಗೆ ನೊಗ ಏರ್ಸಿ, ನನ್ ಎತ್ತಿನ್ ಜೊತ್ಗೆ ಕಟ್ಟಿ ಉಳ್ತೀನಿ. ಚಾಟಿ ಮುರಿಯೋಗಂಟ ಬಿಡಾಕಿಲ್ಲ" ಎಂದೆ. ಇನ್ನೂ ಏನೇನೋ ಎಂದೆ. ಇನ್ನೂರ ಹನ್ನೆರಡು ಜನ ಕೇಳಿದರಂತೆ. ಕೇಳಲಿ.

18 ಜುಲೈ, ಶುಕ್ರವಾರ

ಸ್ಟೇಷನ್ನಿಗೆ ಕರೆಸಿದ್ದರು. ಅರವತ್ತೆಂಟು ವರ್ಷಕ್ಕೆ ಮೊದಲ ಸಲ.

ರುದ್ರಯ್ಯನ ಮಗ ಸಿದ್ದೇಶ್ವರ ಕಂಪ್ಲೇಂಟು ಕೊಟ್ಟಿದ್ದಾನೆ. ಮನೆಯಲ್ಲೇ ಕೂತು, ಮೊಬೈಲಿನಲ್ಲಿ. ಪೊಲೀಸಿನವನು ನನ್ನದೇ ಧ್ವನಿಯನ್ನು ನನಗೇ ಕೇಳಿಸಿದ. ನೊಗದ ಮಾತಿನ ಜಾಗದಿಂದಲೇ ಹಾಕಿದ. ಕಾಗದದಲ್ಲಿ ಬರೆದುಕೊಂಡ — ಪ್ರಾಣ ಬೆದರಿಕೆ.

"ಅದು ಬೈಗುಳ ಸಾ. ನಮ್ ಕಡೆ ಮಕ್ಕುಳ್ಗೂ ಅಂಗೇ ಅಂತೀವಿ."

"ಮಕ್ಕುಳ್ಗೆ ನೊಗ ಕಟ್ತೀರಾ ಯಜಮಾನ್ರೇ?"

ಅಕ್ಕಪಕ್ಕದ ಬೆಂಚಿನವರೆಲ್ಲ ನಕ್ಕರು. ಮೊದಲು ಇದಕ್ಕೆ ಸೆಕ್ಷನ್ ನೂರಾ ಏಳು ಎನ್ನುತ್ತಿದ್ದರಂತೆ, ಈಗ ನೂರಾ ಇಪ್ಪತ್ತಾರು. ನಂಬರು ಯಾಕೆ ಬದಲಾಯಿಸಿದರೋ. ಜಗಳ ಅದೇ ಇದೆಯಲ್ಲ.

ಇಬ್ಬರ ಮೇಲೂ ಕೇಸು ಹಾಕಿದ್ದಾರೆ. ಬೈದವನ ಮೇಲೂ, ಬೈಸಿಕೊಂಡವನ ಮೇಲೂ. ಅದು ಯಾವ ನ್ಯಾಯವೋ ನನಗೆ ಹತ್ತಲಿಲ್ಲ.

20 ಜುಲೈ

ಎಲೆಕ್ಷನ್ನು ಇಲ್ಲ. ಯಾರೋ ಸ್ಟೇ ತಂದರಂತೆ. ಶಿವಕುಮಾರನೂ ಹರ್ಷವರ್ಧನನೂ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಒಂದೇ ಟೇಬಲ್ಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನನ್ನನ್ನು ನೋಡಿ ಶಿವಕುಮಾರ, "ಬಾ ಚಿಕ್ಕಪ್ಪಾ, ಕಾಫಿ" ಎಂದ. ಹೋಗಲಿಲ್ಲ.

25 ಜುಲೈ, ಶುಕ್ರವಾರ

ಚನ್ನರಾಯಪಟ್ಟಣದ ತಾಲ್ಲೂಕು ಆಫೀಸಿಗೆ ಹೋಗಿ ಮುಚ್ಚಳಿಕೆ ಬರೆದುಕೊಟ್ಟು ಬಂದೆ. ಒಂದು ವರ್ಷಕ್ಕೆ.

ಬಸ್ಸಿನಲ್ಲಿ ಜೊತೆಗೆ ಬಂದ ಹೆಂಡತಿ ಕಾಮಾಕ್ಷಿಗೆ ಫ್ರೀ. ಕೇಸು ನನ್ನದು, ಟಿಕೆಟ್ಟೂ ನನ್ನದೇ. ಮೂರು ಸೀಟು ಮುಂದೆ ರುದ್ರಯ್ಯ ಕೂತಿದ್ದ. ಒಂದು ಸಲವೂ ತಿರುಗಲಿಲ್ಲ. ಕತ್ತಿನ ಹಿಂಭಾಗವನ್ನೇ ನೋಡುತ್ತಾ ಹೋದೆ. ತೆಳ್ಳಗಾಗಿದ್ದಾನೆ ಅನಿಸಿತು. ಅಥವಾ ಹಿಂದಿನಿಂದ ಯಾವತ್ತೂ ನೋಡಿರಲಿಲ್ಲವೋ.

ಸಹಿ ಹಾಕಿಸಿಕೊಂಡ ಗುಮಾಸ್ತ ಹೇಳಿದ: "ಒಬ್ರ ತಂಟೆಗ್ ಒಬ್ರು ಓಗ್ಬ್ಯಾಡಿ, ಆಯ್ತಾ?" ಆಯಿತು. ಮಾತು ಬಂದ್. ಕಾನೂನೇ ಹೇಳಿದ ಮೇಲೆ ನಾನೇನು ಮಾಡಲಿ.

ಒಂದು ರೀತಿ ಹಗುರವೇ ಆಯಿತು. ನಾನಾಗಿ ಬಿಟ್ಟದ್ದಲ್ಲ, ಸರ್ಕಾರ ಬಿಡಿಸಿದ್ದು.

2 ಆಗಸ್ಟ್, ಶನಿವಾರ

ರಾಗಿ ಗೇಣುದ್ದ ಬಂದಿದೆ. ಕಳೆ ಅದಕ್ಕಿಂತ ಜೋರು. ಎಂಟು-ಹತ್ತು ದಿನದೊಳಗೆ ಕುಂಟೆ ಹಾಯಿಸದಿದ್ದರೆ ಪೈರು ಉಸಿರುಕಟ್ಟುತ್ತದೆ. ಟ್ರಾಕ್ಟರಿನವನನ್ನು ಕೇಳಿದೆ. "ಸಾಲಲ್ ನಿಂತಿರೋ ಪೈರಿನ್ ಮ್ಯಾಲೆ ಓಡ್ಸಾಕಾಯ್ತದಾ ಗೌಡ್ರೇ, ಮಲಗ್ಸ್‌ಬುಡ್ತದೆ" ಎಂದ. ಮಿಷನ್ನು ಎಲ್ಲದಕ್ಕೂ ಉಂಟು, ಬೇಕಾದದ್ದಕ್ಕೆ ಇಲ್ಲ.

ಎತ್ತಿಗೆ ಮುಚ್ಚಳಿಕೆ ಇದೆಯಾ? ನಾನು ಮಾತಾಡದೆ ಎತ್ತು ಮಾತ್ರ ಕೂಡಬಹುದಾ? ಯಾರನ್ನು ಕೇಳುವುದು ಗೊತ್ತಾಗುತ್ತಿಲ್ಲ.

5 ಆಗಸ್ಟ್, ಮಂಗಳವಾರ

ಮೇಲಿನ ಕೇರಿ ಮಂಚಯ್ಯನ ಎತ್ತು ತಂದು ಜೊತೆ ಕಟ್ಟಿದೆ. ಅದೂ ಎಡಕ್ಕೇ ಪಳಗಿದ್ದು! ಬಲಕ್ಕೆ ಕಟ್ಟಿದರೆ ನೊಗದ ಕೆಳಗೆ ನುಸುಳಿ ಎಡಕ್ಕೇ ಬರುತ್ತದೆ. ಎರಡೂ ಎಡಕ್ಕೆ ಎಳೆದು ಎಳೆದು ಗಿರಗಿರ ಸುತ್ತಿದವು. ಎರಡು ಸಾಲು ರಾಗಿ ತುಳಿದು ಹಾಳು. ಮಂಚಯ್ಯ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದೇನ್ ಗೌಡ್ರೇ, ಕುಂಟೆನೋ ಗಾಣನೋ?"

ಬೈದೆ. ಫೋನಿನಲ್ಲಲ್ಲ, ಎದುರಿಗೇ.

9 ಆಗಸ್ಟ್, ಶನಿವಾರ. ಸಂಜೆ

ಸೊಸೆ ಆಶಾರಾಣಿ ಪಂಚಾಯ್ತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಮುಚ್ಚಳಿಕೆ ಕೊಟ್ಟು, "ಎತ್ತಿನ ವಿಚಾರ ಏನಾದ್ರೂ ಐತಾ ನೋಡವ್ವ" ಎಂದೆ. ಎರಡು ಸಲ ಓದಿದಳು.

"ಮಾವ, ಇದ್ರಾಗೆ ಮಾತಾಡ್‌ಬಾರ್ದು ಅಂತ ಎಲ್ಲೂ ಇಲ್ವಲ್ಲ."

"ಸರ್ಯಾಗ್ ನೋಡು."

"ನೋಡ್ದೆ. ಗಲಾಟೆ ಮಾಡ್‌ಬಾರ್ದು, ಶಾಂತಿಯಾಗಿರ್‌ಬೇಕು ಅಂತ ಅಷ್ಟೇ ಐತೆ. ಮಾತಾಡಿ, ಉಣ್ಣಿ, ಒಲ ಉಳಿ. ಯಾರ್ ಬ್ಯಾಡಂದ್ರು?"

ಹದಿನೈದು ದಿನ! ಇಲ್ಲದ ಕಾನೂನಿಗೆ ತಲೆಬಾಗಿದ್ದೆ. ನಾನು ನಾಲ್ಕನೇ ಕ್ಲಾಸು, ಸರಿ. ಆದರೆ ರುದ್ರಯ್ಯ ಎಸ್ಸೆಸ್ಸೆಲ್ಸಿ. ಓದದೆ ಎಲ್ಲೂ ಸಹಿ ಹಾಕುವವನಲ್ಲ. ಅವನಿಗೆ ಮೊದಲೇ ಗೊತ್ತಿತ್ತು, ಮಾತಾಡಬಹುದು ಅಂತ.

ಗೊತ್ತಿದ್ದೂ ಬಂದಿಲ್ಲ…

12 ಆಗಸ್ಟ್, ಮಂಗಳವಾರ

ಬೆಳಿಗ್ಗೆ ಹೊಲದಲ್ಲಿ ಸುಮ್ಮನೆ ನಿಂತಿದ್ದೆ. ರುದ್ರಯ್ಯ ಬಂದ. ಎತ್ತು ಹಿಡಿದುಕೊಂಡೇ ಬಂದ. ನನ್ನನ್ನು ಕೇಳಲಿಲ್ಲ, ನೊಗ ಎತ್ತಿ ಹೂಡಿದ. ಎತ್ತುಗಳು ಒಂದನ್ನೊಂದು ಮೂಸಿದವು, ನಡೆದವು. ಹನ್ನೊಂದರೊಳಗೆ ಹೊಲವೆಲ್ಲ ಮುಗಿಯಿತು. ಅವನು ಹಗ್ಗ ಹಿಡಿದು ಮುಂದೆ, ನಾನು ಕುಂಟೆ ಹಿಡಿದು ಹಿಂದೆ. ಮತ್ತೆ ಅದೇ ಕತ್ತಿನ ಹಿಂಭಾಗ.

ನೊಗ ಬಿಚ್ಚುವಾಗ ನಾನೇ ಬಾಯಿ ಬಿಟ್ಟೆ.

"ಮುಚ್ಚಳ್ಕೇಲಿ ಮಾತ್ ಬ್ಯಾಡ ಅಂತ ಇಲ್ವಂತೆ ಕಣಯ್ಯಾ."

"ಗೊತ್ತು."

"ಮತ್ತೆ? ನೊಗ ಕಟ್ತೀನಿ ಅಂದಿದ್ಕೆ ಇಷ್ಟೊಂದಾ? ನೀನು ನನ್ಗೆ ಎಷ್ಟ್ ಸಲ ಅಂದಿಲ್ಲ!"

"ನೊಗುಕ್ ಯಾರ್ ಎದುರ್ಕೊಂಡ್ರು? ಸಿದ್ದೇಶ ದುಡುಕ್ದ. ನಾನಾಗಿದ್ರೆ ಕಂಪ್ಲೇಂಟೇ ಕೊಡ್ತಿರ್ಲಿಲ್ಲ." ಹಗ್ಗ ಸುತ್ತಿಕೊಂಡ. "ಅದಕ್ ಮುಂಚೆ ಏನಂದೆ, ಕೇಳ್ಕೊ ಓಗು."

"ಮತ್ಯಾಕ್ ಬಂದೆ ಇವತ್ತು?"

"ರಾಗಿಗೋಸ್ಕರ ಬಂದೆ. ನಿನ್ಗಲ್ಲ."

ಎತ್ತು ಹೊಡೆದುಕೊಂಡು ಹೋದ.

ಅದೇ ದಿನ, ಮಧ್ಯಾಹ್ನ

ಫೋನಿನಲ್ಲಿ ಹುಡುಕಿ ಕೇಳಿದೆ. ಪೂರ್ತಿ, ಮೊದಲಿನಿಂದ.

"ಒಂದ್ ಕ್ಯಾನಿಗೆ ಮಾರ್ಕೊಂಡವ್ನೆ ರುದ್ರಯ್ಯ. ನಲ್ವತ್ತೊರ್ಸದ ಸ್ನೇಹ ಒಂದ್ ಹಾಲಿನ್ ಕ್ಯಾನಿಗೆ." ನನ್ನದೇ ಧ್ವನಿ. ನೊಗ ಬಂದದ್ದು ಆಮೇಲೆ. ಅಂದದ್ದು ನೆನಪೇ ಇಲ್ಲ ನನಗೆ. ಪೊಲೀಸಿನವನು ಇದನ್ನು ಹಾಕಲಿಲ್ಲ, ಬರೆಯಲಿಲ್ಲ. ಅದಕ್ಕೆ ನಂಬರೇ ಇಲ್ಲವೇನೋ.

ಕಾಮಾಕ್ಷಿಯನ್ನು ಕೇಳಿದೆ, ರುದ್ರಯ್ಯ ಕ್ಯಾನು ತಗೊಂಡದ್ದು ನಿಜ ತಾನೇ ಎಂದು.

"ಕೊಟ್ಟ ದಿನ್ವೇ ವಾಪಸ್ ಕಳ್ಸಿದ್ರಂತೆ. ಅವ್ರ್ ಎಂಡ್ರು ಬಸವಲಿಂಗಮ್ಮನೇ ಏಳಿದ್ರು. ಆ ಉಡ್ಗ ಡೇರಿ ಮಿಷನ್ ಸರಿ ಮಾಡುಸ್ತೀನಿ ಅಂದ, ಅದಕ್ ಸಹಿ ಆಕ್ದೆ ಅಂದ್ರಂತೆ ನಿಮ್ ರುದ್ರಯ್ಯ."

"ಮೊದ್ಲೇ ಏಳಾಕೇನಾಗಿತ್ತು ನಿನ್ಗೆ?"

"ಬಯ್ಯೋವಾಗ ನನ್ ಕೇಳ್‌ಬುಟ್ ಬೈದ್ರಾ? ಇನ್ನೊಂದ್ ಕೇಳಿ. ಅವ್ನು ನಮ್ಗೆ ಕೊಟ್ಟ ಕ್ಯಾನು ನಮ್ಮನೇಲೈತೆ. ನೀವ್ ದಿನಾ ಡೇರಿಗ್ ಒಯ್ಯಾದು ಅದ್ರಾಗೇ."

ಹೋಗಿ ನೋಡಿದೆ. ಹಿಡಿಯ ಕೆಳಗೆ ಹರ್ಷವರ್ಧನ ಎಂದು ಸ್ಟಿಕ್ಕರ್. ತಿಂಗಳಿಂದ ಕೈಯಲ್ಲಿ ಹಿಡಿದುಕೊಂಡು ಓಡಾಡಿದ್ದೇನೆ. ಕನ್ನಡಕ ಹಾಕಿಕೊಂಡಿರಲಿಲ್ಲ ಅಂತ ಬರೆಯಲೇ? ಯಾರಿಗೆ?



13 ಆಗಸ್ಟ್, ಬುಧವಾರ. ಬೆಳಿಗ್ಗೆ ಐದೂವರೆ

ಇವತ್ತು ಅವನ ಹೊಲಕ್ಕೆ ನನ್ನ ಎತ್ತು. ಮುಯ್ಯಿ ಅಂದರೆ ಮುಯ್ಯಿ, ಅದಕ್ಕೆ ಯಾರ ಸಹಿಯೂ ಬೇಕಿಲ್ಲ.

ನೊಗ ಹೂಡುವ ಮೊದಲೇ ಹೇಳಿಬಿಡಬೇಕು. ಹೂಡಿದ ಮೇಲೆ ಅವನು ಮುಂದೆ, ನಾನು ಹಿಂದೆ, ಮುಖ ಸಿಗುವುದಿಲ್ಲ. ಇನ್ನೂರ ಹನ್ನೆರಡು ಜನರಿಗೆ ಆಮೇಲೆ ನೋಡೋಣ. ಮೊದಲು ಅವನೊಬ್ಬನಿಗೆ.

ಬೈಯುವುದು ಬಾಯಿಪಾಠ. ಇದು ಬರುವುದಿಲ್ಲ. ಎದುರು ನಿಂತು ತಡವರಿಸಿ ಮತ್ತೆ ಬೈದುಬಿಟ್ಟೇನು. ಬರೆದುಕೊಂಡು ಎರಡು ಸಲ ಓದಿಕೊಂಡು ಹೋಗುತ್ತೇನೆ.

ರುದ್ರಯ್ಯಾ, ನೀನು ಮಾರಿಕೊಳ್ಳುವವನಲ್ಲ. ಅದು ನನಗೆ ಅವತ್ತೂ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಅಂದೆ ಎಂದರೆ…