ಬನ್ನಿ ಎಲೆಯ ಕೆಳಗೆ ಬಂದ ಪಾವತಿ

ಅಥಣಿ
ಶನಿವಾರ, ೪ ಅಕ್ಟೋಬರ್ ೨೦೨೫

ಪ್ರೀತಿಯ ನೀಲಮ,

ಅತ್ತೆಯವರ ಮೊಣಕಾಲು ಈಗ ಹೇಗಿದೆ? ಆಪರೇಶನ್ ಆದ ಕಾಲಿನ ಮೇಲೆ ಭಾರ ಹಾಕುತ್ತಾರೋ, ಎಲ್ಲ ಭಾರವನ್ನೂ ನಿನ್ನ ಮೇಲೆಯೇ ಹಾಕುತ್ತಾರೋ? ನಿನ್ನ ಊಟ, ನಿದ್ದೆ ನೆಟ್ಟಗಿವೆಯೇ? ಇಲ್ಲಿ ನನ್ನ ಅಡುಗೆ ನಡೆದಿದೆ. ಅನ್ನ ಅನ್ನದಂತೆಯೇ ಇದೆ, ಸಾರು ಮಾತ್ರ ನೀರಾವರಿ ಇಲಾಖೆಯದು. ಫೋನಿರುವಾಗ ಪತ್ರವೇಕೆ ಎಂದು ಹುಬ್ಬೇರಿಸಬೇಡ. ಅತ್ತೆಯವರಿಗೆ ಕಿವಿ ಮಂದ, ಹಾಗಾಗಿ ನಿನ್ನ ಫೋನು ಸದಾ ಸ್ಪೀಕರಿನಲ್ಲಿ. ನಾನಿಲ್ಲಿ ಪಿಸುಗುಟ್ಟಿದರೆ ಶಿರಗುಪ್ಪಿಯ ಅರ್ಧ ಓಣಿ ಹೂಂಗುಡುತ್ತದೆ. ಇನ್ನು ಮೆಸೇಜು ಹಾಕೋಣವೆಂದರೆ, ಈ ರಾಮಾಯಣ ಹುಟ್ಟಿದ್ದೇ ಮೆಸೇಜಿನಿಂದ. ನಿಮ್ಮಣ್ಣ ಬಾಪುಸಾಹೇಬರ ದ್ರಾಕ್ಷಿ ಬೆಳೆ ನನ್ನಿಂದಾಗಿ ಈ ವರ್ಷ ಹಿಂದೆ ಬೀಳುವ ಪ್ರಸಂಗ ಬಂದಿದೆ. ಅದು ಅವರ ಕಿವಿಗೆ ಬೀಳದಂತೆ ನಿನಗೆ ತಿಳಿಯಬೇಕು. ಅದಕ್ಕೇ ಕಾಲೇಜಿನಿಂದ ಊರಿಗೆ ಹೊರಟಿರುವ ಅವರ ಮಗಳು ಸರಿತಾಳ ಕೈಯಲ್ಲಿ ಈ ಲಕೋಟೆ ಕೊಡುತ್ತಿದ್ದೇನೆ. ಅಂಟು ಗಟ್ಟಿಯಾಗಿ ಹಚ್ಚಿದ್ದೇನೆ.

ನೀನು ತವರಿಗೆ ಹೊರಡುವಾಗ ನಮ್ಮ ಡ್ರಿಪ್ ಪೈಪಿನ ಅಂಗಡಿಯ ಲೆಕ್ಕದ ಸಾಫ್ಟ್‌ವೇರನ್ನು ನನಗೆ ಒಪ್ಪಿಸಿ, ಗಿರಾಕಿ ರೊಕ್ಕ ಕೊಟ್ಟ ಕೂಡಲೇ ಅವರ ಹೆಸರು ತೆಗೆದು, ಬಿಲ್ಲು ಆರಿಸಿ, ಬಂದದ್ದನ್ನು ತುಂಬಬೇಕು ಎಂದು ಕಲಿಸಿದ್ದೆ. ನೀನು ಅದನ್ನು ಬಳಸುತ್ತಿದ್ದುದು ಇಂಗ್ಲಿಷಿನಲ್ಲಿ. ನಾನು ಕನ್ನಡ ಬಿ.ಎ.; ಭಾಷೆ ಬದಲಿಸುವ ಗುಂಡಿ ಕಂಡದ್ದೇ ತಡ, ಕನ್ನಡಕ್ಕೆ ತಿರುಗಿಸಿ ಮೀಸೆಯನ್ನೂ ತಿರುವಿದೆ. ತೆರೆಯ ಮೇಲೆ ಎರಡು ಗುಂಡಿ ಬಂದವು. ಒಂದು ‘ಸ್ವೀಕೃತಿ’, ಇನ್ನೊಂದು ‘ಪಾವತಿ’. ನಮ್ಮ ಕಡೆ ಪಾವತಿ ಎಂದರೇನು ಹೇಳು? ರೊಕ್ಕ ಇಸಿದುಕೊಂಡು ಹರಿದು ಕೊಡುವ ಚೀಟಿ. ಅಪ್ಪನ ಕಾಲದಿಂದಲೂ ಗಿರಾಕಿಗಳು ‘ಪಾವತಿ ಹರೀರಿ’ ಎನ್ನುತ್ತಲೇ ಬಂದಿದ್ದಾರೆ. ಮರಾಠಿಯ ಗಾಳಿ ನಮ್ಮ ನಾಲಿಗೆಗೆ ಅಂಟಿಸಿದ ಅರ್ಥ ಅದು. ಪುಸ್ತಕದ ಕನ್ನಡದಲ್ಲಿ ಪಾವತಿ ಎಂದರೆ ನಾವು ಕೊಟ್ಟ ರೊಕ್ಕ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಲ್ಲೆಯ ಮೇಲೆ ಕೂತ ಕೈ ಪದವಿಯ ಮಾತು ಕೇಳುವುದಿಲ್ಲ, ಓಣಿಯ ಮಾತು ಕೇಳುತ್ತದೆ. ರೊಕ್ಕ ಬಂದಾಗಲೆಲ್ಲ ಪಾವತಿ ಒತ್ತಿದೆ. ಸ್ವೀಕೃತಿ ಎಂಬುದು ಸನ್ಮಾನ ಸ್ವೀಕರಿಸುವವರಿಗೆ ಇರಬೇಕೆಂದು ಬಿಟ್ಟುಬಿಟ್ಟೆ.

ಹೀಗಾಗಿ ಡ್ರಿಪ್ ಪೈಪು ಒಯ್ದು ಪೂರ್ತಿ ರೊಕ್ಕ ಕೊಟ್ಟವರ ಬಿಲ್ಲುಗಳೆಲ್ಲ ಬಾಕಿಯಾಗಿಯೇ ಉಳಿದವು. ಸಾಲದ್ದಕ್ಕೆ ನಾವೇ ಅವರಿಗೆ ರೊಕ್ಕ ಕೊಟ್ಟಂತೆ ಬರೆದುಕೊಂಡು ಬಾಕಿ ಇಮ್ಮಡಿಯಾಯಿತು. ಬಾಕಿ ಇದ್ದವರಿಗೆ ತಾನಾಗಿ ನೆನಪಿನ ಮೆಸೇಜು ಕಳಿಸುವ ಸೌಲಭ್ಯವಿದೆಯಲ್ಲ, ಅದಕ್ಕೆ ನಾನು ಮೊದಲೇ ಪ್ರಾಸ ಹೊಂದಿಸಿ ಇಟ್ಟಿದ್ದೆ:

ಹನಿ ಹನಿ ನೀರಿಗೆ ಹಸಿರಾಯ್ತು ಹೊಲ,
ಹಣ ತುಸು ಬಂದರೆ ನಮಗೂ ಬಲ.

ಪ್ರಾಮಾಣಿಕರಿಗೆಲ್ಲ ಈ ಕವಿತೆ ಹೋಗಿ ಮುಟ್ಟಿತು. ನಮ್ಮ ತೆರಿಗೆ ಲೆಕ್ಕ ನೋಡುವ ಪಾರಿಸಣ್ಣ ಬಂದು ತೆರೆ ನೋಡಿ, ‘ಧೂಳಪ್ಪಣ್ಣಾ, ಊರ ಮಂದಿಗೆಲ್ಲಾ ರೊಕ್ಕ ಹಂಚೀರಲ್ಲ, ಇಲೆಕ್ಷನ್ನಿಗೆ ನಿಂತೀರೇನ್ರಿ?’ ಎಂದಾಗಲೇ ನನಗೆ ಬೆಳಕಾದದ್ದು. ಇಬ್ಬರೂ ಕೂತು ಎಲ್ಲವನ್ನೂ ಸರಿಮಾಡಿದೆವು, ಹೆದರಬೇಡ. ಗಿರಾಕಿಗಳು ಫೋನಿನಲ್ಲಿ ಬೈದು ಹಗುರಾದರು. ನಿಮ್ಮಣ್ಣ ಒಬ್ಬರೇ ಬೈಯಲಿಲ್ಲ. ಕೆಟ್ಟದ್ದಾದದ್ದು ಅದೇ.

ದಸರೆಯ ಸಂಜೆ ಬನ್ನಿ ಕೊಡಲು ಬಂದರು. ‘ಬನ್ನಿ ತಗೊಂಡು ಬಂಗಾರದಂಗ ಇರೂನ್ರಿ, ದಾಜಿ’ ಎಂದು ಈ ತಂಗಿಯ ಗಂಡನ ಅಂಗೈಗೆ ಎಲೆ ಇಟ್ಟರು. ಎಲೆಯ ಕೆಳಗೆ ನೋಟಿನ ಕಟ್ಟು. ನಿಮ್ಮ ಬಿಲ್ಲು ಎಂದೋ ಮುಟ್ಟಿದೆಯಲ್ಲ ಎಂದೆ. ‘ಮುಟ್ಟೇತಿ ಅಂತ ನನಗೂ ಗೊತ್ತೈತಿ. ಮುಟ್ಟಿದ ಬಿಲ್ಲಿಗೆ ದಾಜಿ ಮತ್ತ ಕೇಳ್ತಾರಂದ್ರ ಎಷ್ಟ ಅಡಚಣಿ ಇರಬೇಕು! ನಮಗೂ ಬಲ ಅಂತ ಬರದೀರಿ. ಓದಿ ಊಟ ಸೇರಲಿಲ್ಲ ನನಗ’ ಎಂದರು. ಇಷ್ಟು ವರ್ಷ ಪ್ರಾಸ ಕಟ್ಟಿದ್ದಕ್ಕೆ ಒಬ್ಬ ಓದುಗ ಮರುಗಿದ್ದು ಇದೇ ಮೊದಲು, ಅದೂ ತಪ್ಪು ತಿಳಿದು. ಪಾವತಿ-ಸ್ವೀಕೃತಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ‘ಪಾಪ, ಮಶೀನಿನ ಮ್ಯಾಲ ಯಾಕ ಹಾಕ್ತೀರಿ? ನೀಲೂಗ ಮಾತ್ರ ಹೇಳಬ್ಯಾಡ್ರಿ, ಅವ್ವನ ಕಾಲ ಒತ್ತಕೋತ ಅಳತಾಳ’ ಎಂದರು. ಕಟ್ಟನ್ನು ಅವರ ಕಿಸೆಗೆ ತುರುಕಲು ಹೋದರೆ, ‘ಬನ್ನಿ ಜೋಡಿ ತಂಗಿ ಮನಿಗೆ ಬಂದದ್ದನ್ನ ತಿರುಗಿ ಒಯ್ಯಾಕ ನಾ ಏನ್ ವಸೂಲಿಗೆ ಬಂದೇನೇನ್ರಿ?’ ಎಂದು ಗಾಡಿ ಹತ್ತಿ ಹೋಗೇಬಿಟ್ಟರು.

ಅದು ಎಲ್ಲಿಯ ರೊಕ್ಕ ಎಂಬುದು ನಿನ್ನೆ ಸರಿತಾ ಬಾಯಿಬಿಟ್ಟಾಗ ತಿಳಿಯಿತು. ‘ಪಪ್ಪಾ ಈ ಸಲ ಚಾಟ್ನಿ ತಡಾ ಮಾಡೂದೈತಿ ಅಂದಾರ್ರಿ ಮಾಮಾ, ಆಳಿಗೆ ರೊಕ್ಕ ಹೊಂದಸಬೇಕಂತ’ ಎಂದಳು ಆ ಹುಡುಗಿ, ಏನೂ ಅರಿಯದೆ. ಆಳಿಗೆಂದು ಇಟ್ಟ ರೊಕ್ಕವೇ ಎಲೆಯ ಕೆಳಗೆ ಬಂದಿತ್ತು. ದ್ರಾಕ್ಷಿಬಳ್ಳಿ ಕತ್ತರಿಸುವ ಚಾಟ್ನಿ ಈ ವಾರ ಆಗದಿದ್ದರೆ ಗೊನೆ ಹಿಂದೆ ಬೀಳುತ್ತದೆ. ಎಲ್ಲರ ಹಣ್ಣೂ ಪೇಟೆಯಲ್ಲಿ ರಾಶಿ ಬಿದ್ದ ಮೇಲೆ ಅವರದು ಹೋಗಬೇಕಾಗುತ್ತದೆ. ಒಂದು ಪದದ ತಪ್ಪಿಗೆ, ಎರಡು ಸಾಲಿನ ಪ್ರಾಸಕ್ಕೆ ಆ ಮನುಷ್ಯ ವರ್ಷದ ಬೆಳೆಯನ್ನು ತಂದು ನನ್ನ ಅಂಗೈಗೆ ಇಟ್ಟು ಹೋಗಿದ್ದಾರೆ. ಇಂಥ ಅಣ್ಣ ಇದ್ದವಳನ್ನು ಮಾಡಿಕೊಂಡದ್ದಕ್ಕೆ ನನಗೆ ಹೆಮ್ಮೆ, ನನ್ನಂಥ ದಾಜಿ ಸಿಕ್ಕದ್ದಕ್ಕೆ ಅವರಿಗೆ ಹಾನಿ.

ಅತ್ತೆಯವರಿಗೆ ನನ್ನ ನಮಸ್ಕಾರ, ಅವರ ಮೊಣಕಾಲಿಗೆ ಪ್ರತ್ಯೇಕ ನಮಸ್ಕಾರ. ನೀನಿಲ್ಲದ ಮನೆಯಲ್ಲಿ ಪ್ರಾಸಕ್ಕೂ ಬೇಸರ ಹಿಡಿದಿದೆ: ‘ನೀಲಮ’ ಎಂದು ಬರೆದರೆ ಮುಂದೆ ‘ಆರಾಮ’ ಬರುತ್ತಿಲ್ಲ. ಬೇಗ ಬಾ.

ನಿನ್ನ,
ಧೂಳಪ್ಪ

ತಾ.ಕ.: ಸರಿತಾ ಬಾಗಿಲಲ್ಲಿ ನಿಂತು ‘ಬಸ್ಸ ಹೋಗತೈತ್ರಿ ಮಾಮಾ’ ಎಂದು ಅವಸರ ಮಾಡುತ್ತಿದ್ದಾಳೆ, ಮುಖ್ಯ ಮಾತೇ ಉಳಿಯಿತು. ಚಾಟ್ನಿ ಆಳುಗಳನ್ನು ಕರೆತರುವ ಸೋನಾಬಾಯಿಗೆ ಆ ರೊಕ್ಕವನ್ನು ಇಂದು ಬೆಳಿಗ್ಗೆಯೇ ಪೂರ್ತಿ ಕೊಟ್ಟಿದ್ದೇನೆ. ಸೋಮವಾರ ಹೊತ್ತು ಮೂಡುವಾಗ ಅವಳ ಆಳುಗಳು ನೇರ ನಿಮ್ಮಣ್ಣನ ತೋಟಕ್ಕೆ ಇಳಿಯುತ್ತಾರೆ. ಅಣ್ಣ ಕಂಡರೆ ತಿರುಗಿ ಕಳಿಸುವುದು ಖಂಡಿತ. ಚಹಾ ಮೇಲೆ ಚಹಾ ಕೊಡು, ಅವ್ವನ ಕಾಲು ನೋಡು ಎಂದು ಕೂರಿಸು, ಏನೂ ನಡೆಯದಿದ್ದರೆ ಜಗಳ ತೆಗೆ. ಒಟ್ಟು ಹೊಸ್ತಿಲು ದಾಟಗೊಡಬೇಡ. ಮೊದಲ ಸಾಲಿಗೆ ಕತ್ತರಿ ಬಿದ್ದರೆ ಸಾಕು. ಕತ್ತರಿಸಿದ ಬಳ್ಳಿಯನ್ನು ಯಾವ ಅಣ್ಣನೂ ತಂಗಿಯ ಮನೆಗೆ ವಾಪಸು ಕಳಿಸಲಾರ.