ವರದಿಯಲ್ಲಿಲ್ಲದ ಬೋರ್‌ವೆಲ್

೧೮ ನವೆಂಬರ್, ಮಂಗಳವಾರ. ಕೊಳ್ಳೇಗಾಲ.

ರತ್ನಳ ಮಾತು ಕಿವಿಯಿಂದ ಹೋಗುತ್ತಿಲ್ಲ. ಕೌದಳ್ಳಿಯಾಚೆಯ ಹಳ್ಳಿಯ ಅಂಗನವಾಡಿ ಸಹಾಯಕಿ ಅವಳು. ಬೆಳಿಗ್ಗೆ ನಗುತ್ತಲೇ ಹೇಳಿದಳು: “ನೀರು ಚೆನ್ನಾಗೈತೆ ಅಂತ ನಿಮ್ ಸಾರೇ ಬರ್ದವ್ರಲ್ಲ ಮೇಡಂ, ಅದ್ಕೇ ಕೆಳಗಿನ್ ಬೋರಿಂದ ಮಕ್ಳಿಗೂ ಪೈಪ್ ಎಳ್ದವ್ರೆ. ನಾಳಿಂದ ನೀರ್ ಬುಡ್ತಾರೆ.”

ಸಂಜೆ ಆ ಊರಿನ ಬೋರ್‌ವೆಲ್ ನೀರಿನ ನಮ್ಮ ಮೂಲ ಅಳತೆಗಳನ್ನು ಅಚ್ಚಾದ ಪ್ರಬಂಧದ ಪಕ್ಕದಲ್ಲಿಟ್ಟು ನೋಡಿದೆ. ನೈಟ್ರೇಟ್ ತುಂಬಿದ್ದ, ಮಕ್ಕಳು ಕುಡಿಯಲೇಬಾರದ ಆ ಕೆಳಗಿನ ಬೋರ್‌ವೆಲ್ ಒಂದನ್ನೇ ನನ್ನ ಪಿಎಚ್‌ಡಿ ಗೈಡ್ ಕೈಬಿಟ್ಟಿದ್ದಾರೆ. ಫೋನ್ ಮಾಡಿ ಕೇಳಿದರೆ, “ಒಂದಕ್ಕೋಸ್ಕರ ಇಡೀ ಪೇಪರ್ ಕೆಡಿಸಬೇಕಾ ಮಾಲಿನಿ? ನಿನ್ನ ಪಿಎಚ್‌ಡಿ ನೆನಪಿರಲಿ” ಎಂದರು.

ಎಲ್ಲ ಅಳತೆಗಳನ್ನೂ ಯಾರು ಬೇಕಾದರೂ ನೋಡುವಂತೆ ವಿಭಾಗದ ವೆಬ್‌ಸೈಟಿಗೆ ಹಾಕಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಪುಟವೇ ಇಲ್ಲ. ನನ್ನ ಪಾಸ್‌ವರ್ಡೂ ನಡೆಯುತ್ತಿಲ್ಲ. ಹೆದರಿಕೆಯಾಗುತ್ತಿದೆ. ರತ್ನಳ ನಂಬರ್ ನನ್ನಲ್ಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗುತ್ತೇನೆ. ಅಷ್ಟರೊಳಗೆ ಅವಳು ನಲ್ಲಿ ತಿರುಗಿಸಿ, ಮಕ್ಕಳ ಲೋಟಕ್ಕೆ…